ಗೇಟಿನಲ್ಲಿ 20 ಕಿಲೋ, ತಿರುವು ದಾಟಿದ ಮೇಲೆ 27

ಈ ಪ್ರಕರಣದಲ್ಲಿ ನಾವು ಎಂಟು ಜನ ಇದ್ದೇವೆ. ಎಲ್ಲರೂ ಕೊಡಗಿನವರು. ಕಾಫಿ ಬೆಳೆಗಾರರು ಮೂವರು, ಅದರಲ್ಲಿ ನಾನೂ ಒಬ್ಬ. ಮಡಿಕೇರಿಯ ಒಬ್ಬರು ನರ್ಸ್, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಮತ್ತೆ ವಿರಾಜಪೇಟೆಯ ಇಬ್ಬರು ಅಣ್ಣತಮ್ಮಂದಿರು. 2019ರ ಸೆಪ್ಟೆಂಬರ್‌ನಲ್ಲಿ ನಾವು ತಾಂಜೇನಿಯಾಕ್ಕೆ ಹೋಗಿ ಕಿಲಿಮಂಜಾರೋ ಹತ್ತಿದೆವು. ಎತ್ತರ 5,895 ಮೀಟರ್. ಎಂಟರಲ್ಲಿ ಆರು ಜನ ತುದಿ ಮುಟ್ಟಿದರು. ಹತ್ತಿದ ಕಥೆ ಇಷ್ಟೇ, ಅದನ್ನು ಊರಲ್ಲಿ ಸಾಕಷ್ಟು ಸಲ ಹೇಳಿ ಆಗಿದೆ.

ಇಲ್ಲಿ ಬರೆಯುವುದು ನಮ್ಮ ಸಾಮಾನು ಹೊತ್ತವರ ವಿಷಯ. ಅವರಿಗೆ ಏನಾಯಿತು, ಅದರಲ್ಲಿ ನಮ್ಮ ಪಾಲು ಎಷ್ಟು, ಗೊತ್ತಾದ ಮೇಲೆ ನಾವು ಏನು ಮಾಡಿದೆವು, ಏನು ಮಾಡಲಿಲ್ಲ. ನಮ್ಮನ್ನು ಕರೆದೊಯ್ದ ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ತಪ್ಪೆಲ್ಲ ಅವರದ್ದೇ ಎಂದು ಓದುವವರಿಗೂ ಅನ್ನಿಸುತ್ತದೆ, ನನಗೂ ಸಮಾಧಾನ ಆಗಿಬಿಡುತ್ತದೆ.

ತಡಿಯಂಡಮೋಳ್‌ನಲ್ಲಿ ಕಾಣದೇ ಹೋದದ್ದು

2018ರಲ್ಲೇ ಹೋಗಬೇಕಿತ್ತು. ಆ ವರ್ಷ ಆಗಸ್ಟಿನ ಮಳೆಗೆ ಗುಡ್ಡಗಳೇ ಜಾರಿ ಬಂದಾಗ ಪ್ರವಾಸದ ಮಾತೆತ್ತಲು ಯಾರಿಗೂ ಬಾಯಿ ಬರಲಿಲ್ಲ. ಮುಂದಿನ ವರ್ಷಕ್ಕೆ ಹಾಕಿದೆವು. ಕೈಲ್ ಮುಹೂರ್ತ (ಸೆಪ್ಟೆಂಬರ್ ಶುರುವಿನ ನಮ್ಮ ಆಯುಧ ಪೂಜೆಯ ಹಬ್ಬ) ಮುಗಿಸಿ ಹೊರಟರೆ ಕಾಫಿ ಕುಯ್ಲಿಗೆ ಮೊದಲು ವಾಪಸ್ ಬರಬಹುದು ಎಂಬ ಲೆಕ್ಕ.

ಅಭ್ಯಾಸಕ್ಕೆ ನಮಗೆ ದೂರ ಹೋಗಬೇಕಿಲ್ಲ. ಕಕ್ಕಬ್ಬೆ ದಾಟಿ ನಾಲ್ಕುನಾಡು ಅರಮನೆ ಹತ್ತಿರ ಜೀಪು ಬಿಟ್ಟರೆ ತಡಿಯಂಡಮೋಳ್. ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಆ ಬೇಸಿಗೆಯಲ್ಲಿ ನಾಲ್ಕು ಸಲ ಹತ್ತಿದೆವು. ಮೇಲೆ ರಾತ್ರಿ ಉಳಿಯುವಂತಿಲ್ಲ, ಆದ್ದರಿಂದ ಮಧ್ಯಾಹ್ನದ ಊಟ ಮೇಲೆಯೇ. ಊಟ ಎಂದರೆ ಪೊಟ್ಟಣ ಅಲ್ಲ. ಅಕ್ಕಿಯ ಕಡಂಬುಟ್ಟು, ಹಂದಿ ಮಾಂಸದ ಪಂದಿಕರಿ, ನೀರಿನ ಕ್ಯಾನು, ಮಡಚುವ ಕುರ್ಚಿ ನಾಲ್ಕು. ಅದನ್ನೆಲ್ಲ ಹೊರಲು ನಮ್ಮ ತೋಟದ ಕೆಲಸಗಾರರ ಲೈನ್‌ಮನೆಯಿಂದ ಇಬ್ಬರನ್ನು ಕರೆದುಕೊಂಡು ಹೋಗುತ್ತಿದ್ದೆ. ದಿನಗೂಲಿ, ಜೊತೆಗೆ ಊಟ.

ಅವರ ಬೆನ್ನಿನ ಮೇಲೆ ಎಷ್ಟು ಭಾರ ಇತ್ತು ಎಂದು ಆ ನಾಲ್ಕೂ ಸಲ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾವು ಎರಡೂವರೆ ಗಂಟೆಯಲ್ಲಿ ಹತ್ತಿದೆವು, ಅವರು ನಮಗಿಂತ ಮೊದಲೇ ಮೇಲೆ ತಲುಪಿ ಕುರ್ಚಿ ಬಿಡಿಸಿ ಇಟ್ಟಿದ್ದರು ಎಂದು ಮಾತ್ರ ನೆನಪಿದೆ. 'ಇವರಿಗೆ ಅಭ್ಯಾಸ' ಎಂದು ಯಾರೋ ಹೇಳಿದರು. ಇರಬಹುದು. ಅಭ್ಯಾಸ ಆದವರ ಬೆನ್ನಿಗೆ ಕಿಲೋ ಕಡಿಮೆ ತೂಗುತ್ತದೆಯೇ?

ಎರಡು ಕೊಟೇಶನ್

ಕಿಲಿಮಂಜಾರೋವನ್ನು ನಮ್ಮಷ್ಟಕ್ಕೆ ನಾವೇ ಹತ್ತುವಂತಿಲ್ಲ. ಪರವಾನಗಿ ಇರುವ ಕಂಪನಿಯ ಗೈಡ್ ಇರಲೇಬೇಕು. ಮಚಾಮೆ ಎಂಬ ದಾರಿಯಲ್ಲಿ ಏಳು ದಿನಕ್ಕೆ ನಮಗೆ ಎರಡು ಕೊಟೇಶನ್ ಬಂದವು. ಒಂದು ತಲೆಗೆ 1,850 ಡಾಲರ್. ಇನ್ನೊಂದು 1,300. ಎರಡರಲ್ಲೂ ಟೆಂಟು, ಊಟ, ಗೈಡ್, ತಲೆಗೆ ಮೂವರು ಪೋರ್ಟರ್. ಮೇಲ್ನೋಟಕ್ಕೆ ವ್ಯತ್ಯಾಸವೇ ಇಲ್ಲ.

ಮಡಿಕೇರಿಯ ಒಂದು ಹೋಟೆಲಿನಲ್ಲಿ ಕೂತು ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಿದೆವು. ಅಗ್ಗದ್ದೇ ಇರಲಿ ಎಂದು. ಅಷ್ಟಕ್ಕೇ ಬಿಡದೆ ನಾನು ಆ ಕಂಪನಿಯ ಜೊತೆ ಚೌಕಾಸಿ ಮಾಡಿ ಇನ್ನೂ 50 ಡಾಲರ್ ಇಳಿಸಿದೆ. 1,250ಕ್ಕೆ ಒಪ್ಪಿಸಿದ್ದಕ್ಕೆ ಎಲ್ಲರೂ ಬೆನ್ನು ತಟ್ಟಿದರು. ಆಗಿನ ದರದಲ್ಲಿ ತಲೆಗೆ ಸುಮಾರು 42,000 ರೂಪಾಯಿ ಉಳಿತಾಯ. ಸುಮ್ನೆ ಅಲ್ಲ ಅದು.

ಅಂದು ಮಾಡಬೇಕಿದ್ದ ಲೆಕ್ಕವನ್ನು ನಾನು ವಾಪಸ್ ಬಂದ ಮೇಲೆ ಮಾಡಿದೆ. ಕಾಫಿ ವ್ಯಾಪಾರಿಯ ಮುಂದೆ ಕೂತು ಔಟ್‌ಟರ್ನ್ (ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ) ಲೆಕ್ಕ ಹಾಕುವವನಿಗೆ ಇದು ಕಷ್ಟವೇನಲ್ಲ. ಹಾಕಲಿಲ್ಲ, ಅಷ್ಟೇ.

ಆಗ ಪಾರ್ಕಿನ ಶುಲ್ಕ ದಿನಕ್ಕೆ 70 ಡಾಲರ್. ಏಳು ದಿನಕ್ಕೆ 490. ಟೆಂಟು ಹಾಕಲು ರಾತ್ರಿಗೆ 50, ಆರು ರಾತ್ರಿಗೆ 300. ರಕ್ಷಣಾ ಶುಲ್ಕ 20. ಒಟ್ಟು 810. ಅದರ ಮೇಲೆ ಶೇ. 18 ತೆರಿಗೆ. ಸುಮಾರು 956 ಡಾಲರ್ ನೇರ ಸರ್ಕಾರಕ್ಕೆ. ಇದರಲ್ಲಿ ಯಾವ ಕಂಪನಿಯೂ ಒಂದು ಡಾಲರ್ ಉಳಿಸಲು ಆಗುವುದಿಲ್ಲ.

ನಾವು ಕೊಟ್ಟ 1,250ರಲ್ಲಿ ಉಳಿದದ್ದು 294. ಎಂಟು ಜನರಿಂದ 2,352 ಡಾಲರ್. ಪೋರ್ಟರ್‌ಗಳಿಗೆ ಆಗ ನ್ಯಾಯವಾದ ಕನಿಷ್ಠ ಕೂಲಿ ಎಂದು ಹೇಳುತ್ತಿದ್ದದ್ದು ದಿನಕ್ಕೆ 20,000 ತಾಂಜೇನಿಯಾ ಶಿಲಿಂಗ್. ನಮ್ಮ ಹಣದಲ್ಲಿ 600 ರೂಪಾಯಿಯ ಆಸುಪಾಸು. ಎಂಟು ಜನಕ್ಕೆ 24 ಪೋರ್ಟರ್, ಏಳು ದಿನ ಎಂದರೆ 33,60,000 ಶಿಲಿಂಗ್. ಸುಮಾರು 1,460 ಡಾಲರ್. ಉಳಿಯುವುದು 890. ಅದರಲ್ಲಿ ನಾಲ್ವರು ಗೈಡ್, ಅಡುಗೆಯವರು, ಮೂವತ್ತು ಚಿಲ್ಲರೆ ಹೊಟ್ಟೆಗೆ ಏಳು ದಿನ ಊಟ, ಗ್ಯಾಸು, ಬಸ್ಸು, ಎರಡು ರಾತ್ರಿ ಹೋಟೆಲು, ಕಂಪನಿಯ ಲಾಭ.

ಆಗುವ ಮಾತಲ್ಲ ಅಲ್ವಾ? ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಸರ್ಕಾರದ ಪಾಲಿಗೆ ಕತ್ತರಿ ಹಾಕಲು ಆಗುವುದಿಲ್ಲ. ನಮ್ಮ ಊಟಕ್ಕೆ ಹಾಕಿದರೆ ನಾವು ಗಲಾಟೆ ಮಾಡುತ್ತೇವೆ. ಕತ್ತರಿ ಎಲ್ಲಿಗೆ ಬೀಳಬೇಕು ಎಂದು ಮಡಿಕೇರಿಯ ಆ ಹೋಟೆಲಿನಲ್ಲೇ ತೀರ್ಮಾನ ಆಗಿತ್ತು. ನಮಗೆ ಗೊತ್ತಿರಲಿಲ್ಲ ಎನ್ನುವುದು ನಿಜ. ಕೇಳಲಿಲ್ಲ ಎನ್ನುವುದೂ ನಿಜ.

ಗೇಟು ದಾಟಿದ ಮೇಲೆ

ಮಚಾಮೆ ಗೇಟು ಇರುವುದೇ 1,800 ಮೀಟರ್ ಹತ್ತಿರ. ಅಂದರೆ ನಮ್ಮ ತಡಿಯಂಡಮೋಳ್ ಎಲ್ಲಿ ಮುಗಿಯುತ್ತದೋ ಆ ಎತ್ತರದಲ್ಲಿ ಅಲ್ಲಿ ಶುರು. ಗೇಟಿನವರೆಗೆ ರಸ್ತೆಯ ಎರಡೂ ಬದಿ ಬಾಳೆ, ಬಾಳೆಯ ಕೆಳಗೆ ಅರೇಬಿಕಾ ಕಾಫಿ. ಆ ಬೆಟ್ಟದ ಬುಡದವರಾದ ಚಗ್ಗಾ ಜನರ ತೋಟಗಳು. ನಾವು ಮೂವರು ಬೆಳೆಗಾರರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಿಡ ಕಸಿ ಮಾಡಿದ್ದಾರಾ, ಎಲೆಗೆ ತುಕ್ಕು ರೋಗ ಇದೆಯಾ ಎಂದು ನೋಡುತ್ತಾ ಹೋದೆವು. ಮುಂದಿನ ಸೀಟಿನಲ್ಲಿ ಕೂತ ಪೋರ್ಟರ್ ಒಬ್ಬರು ನಕ್ಕರು. ಅವರ ಅಪ್ಪನಿಗೂ ಒಂದಿಷ್ಟು ಕಾಫಿ ಇದೆಯಂತೆ. ಕಾಫಿಯಿಂದ ಮಕ್ಕಳ ಶಾಲೆಯ ಫೀಸು ಹುಟ್ಟುವುದಿಲ್ಲ, ಅದಕ್ಕೇ ಬೆಟ್ಟಕ್ಕೆ ಬರುತ್ತೇನೆ ಎಂದರು. ಆ ಮಾತು ಅರ್ಥವಾಗಲು ನಮಗೆ ದುಭಾಷಿ ಬೇಕಾಗಲಿಲ್ಲ.

ಗೇಟಿನಲ್ಲಿ ತಕ್ಕಡಿ ಇದೆ. ಪ್ರತಿಯೊಬ್ಬ ಪೋರ್ಟರ್ ತನ್ನ ಹೊರೆ ತೂಗಿಸಿ ಒಳಗೆ ಹೋಗಬೇಕು. ಮಿತಿ 20 ಕಿಲೋ. ನೋಡಿ ಖುಷಿಯಾಯಿತು. 'ನಮ್ಮಲ್ಲೂ ಹೀಗೆ ಮಾಡಬೇಕು' ಎಂದು ಮೇಷ್ಟ್ರು ಫೋಟೋ ತೆಗೆದರು.

ಆ ದಿನ, ಮರುದಿನ ಏನೂ ಗೊತ್ತಾಗಲಿಲ್ಲ. ಮಳೆಕಾಡು, ಆಮೇಲೆ ಪೊದೆ. ನಾವು 'ಪೋಲೆ ಪೋಲೆ' ಎಂದು ನಿಧಾನ ನಡೆಯುತ್ತಿದ್ದೆವು. ಪೋರ್ಟರ್‌ಗಳು ತಲೆಯ ಮೇಲೆ ಚೀಲ ಇಟ್ಟುಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದರು. ಅಲ್ಲಿ ಅವರನ್ನು 'ವಾಗುಮು' ಎನ್ನುತ್ತಾರೆ, ಗಟ್ಟಿಗರು ಎಂದು ಅರ್ಥ. ಹೊರೆ ಹೊರಿಸುವವರಿಗೆ ಬಹಳ ಅನುಕೂಲದ ಹೆಸರು.

ಎರಡನೇ ರಾತ್ರಿ ಶಿರಾ ಕ್ಯಾಂಪು, 3,800 ಮೀಟರ್ ಮೇಲೆ. ಊಟ ಮುಗಿಸಿ ನಾವು ಊಟದ ಟೆಂಟಿನಲ್ಲೇ ರಮ್ಮಿ ಆಡುತ್ತಾ ಕೂತೆವು. ಹೊರಗೆ ವಿಪರೀತ ಚಳಿ, ಒಳಗೆ ಎಂಟು ಜನರ ಉಸಿರಿಗೇ ಬೆಚ್ಚಗಿತ್ತು. ಅಣ್ಣತಮ್ಮಂದಿರು ತಂದ ಬಾಟಲಿ ತೆರೆದರು (ಎತ್ತರದಲ್ಲಿ ಕುಡಿಯಬಾರದು ಎಂದು ನರ್ಸ್ ಬೈದದ್ದು ಬೇರೆ ವಿಷಯ). ಒಂಬತ್ತೂವರೆಗೆ ನಾನು ಮೂತ್ರಕ್ಕೆಂದು ಹೊರಗೆ ಬಂದೆ. ಅಡುಗೆ ಟೆಂಟಿನ ಹಿಂದೆ ಹತ್ತು ಹನ್ನೆರಡು ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಕೆಲವರ ಮೈಮೇಲೆ ಕಂಬಳಿ. ಇಬ್ಬರ ಕಾಲಲ್ಲಿ ಬರೀ ಕ್ಯಾನ್ವಾಸ್ ಶೂ. ಏನಾಯಿತು ಎಂದು ಸಹಾಯಕ ಗೈಡನ್ನು ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ಏನಿಲ್ಲ ಸರ್. ನಿಮ್ಮ ಆಟ ಮುಗಿಯಲಿ ಎಂದು ಕಾಯುತ್ತಿದ್ದಾರೆ. ಅವರು ಮಲಗುವುದು ಆ ಟೆಂಟಿನಲ್ಲೇ.'

ಒಳಗೆ ಹೋಗಿ ಇಸ್ಪೀಟ್ ಎಲೆಗಳನ್ನು ಎತ್ತಿಟ್ಟೆ. ಯಾಕೆ ಎಂದು ಹೇಳಿದೆ. ಒಂದು ನಿಮಿಷದಲ್ಲಿ ಟೆಂಟು ಖಾಲಿ. ಮೊದಲ ರಾತ್ರಿಯೂ ನಾವು ಹತ್ತೂವರೆಯವರೆಗೆ ಆಡಿದ್ದೆವು.

ಬೆಳಿಗ್ಗೆ ಎದ್ದವನೇ ತಲೆ ಎಣಿಸಿದೆ. ತೋಟದಲ್ಲಿ ದಿನಾ ಮಾಡುವ ಕೆಲಸ. 24 ಪೋರ್ಟರ್ ಇರಬೇಕಿತ್ತು, ಇದ್ದದ್ದು 18. ವಿಮಾನದ ಲಗೇಜಿಗೆಂದು ತಂದಿದ್ದ ಕೊಕ್ಕೆ ತಕ್ಕಡಿ ನನ್ನ ಬ್ಯಾಗಿನಲ್ಲಿತ್ತು. ಒಂದು ಚೀಲ ನೇತುಹಾಕಿದೆ. 27 ಕಿಲೋ 400 ಗ್ರಾಂ. ಇನ್ನೊಂದು 26.

ವಿಷಯ ನಿಧಾನವಾಗಿ ಹೊರಬಂತು. ಗೇಟಿನಲ್ಲಿ 24 ಜನ ತೂಕ ಹಾಕಿಸಿ ಸಹಿ ಮಾಡಿದ್ದರು. ಒಂದು ತಿರುವು ದಾಟಿದ ಮೇಲೆ ಆರು ಜನ ತಮ್ಮ ಹೊರೆ ಉಳಿದವರ ಚೀಲಕ್ಕೆ ಸುರಿದು ವಾಪಸ್ ಹೋದರು. 24 ಜನರ 480 ಕಿಲೋವನ್ನು 18 ಜನ ಹೊತ್ತರೆ ತಲೆಗೆ ಸುಮಾರು 27. ಲೆಕ್ಕ ಸರಿಯಾಗಿ ಕೂಡಿತು, ಅದೇ ಹೊಟ್ಟೆ ತೊಳಸಿದ್ದು. ತಕ್ಕಡಿ ಸುಳ್ಳು ಹೇಳಿರಲಿಲ್ಲ. ತಕ್ಕಡಿ ಇಟ್ಟ ಜಾಗ ಸುಳ್ಳು ಹೇಳಿತ್ತು.

ಆಮೇಲೆ ನಮ್ಮ ಬ್ಯಾಗುಗಳನ್ನೂ ತೂಗಿದೆವು. ಒಬ್ಬೊಬ್ಬರ ಬ್ಯಾಗು 15 ಕಿಲೋ ಮೀರಬಾರದು ಎಂದು ಕಂಪನಿಯ ಪತ್ರದಲ್ಲಿ ಬರೆದಿತ್ತು. ಪತ್ರದ ಕೊನೆಯವರೆಗೆ ಓದಿದವರು ನರ್ಸ್ ಒಬ್ಬರೇ. ಅವರದ್ದು 12. ಬ್ಯಾಂಕಿನವರದ್ದು 19. ಅಣ್ಣತಮ್ಮಂದಿರಲ್ಲಿ ದೊಡ್ಡವರದ್ದು 21: ಕ್ಯಾಮೆರಾ ಸ್ಟ್ಯಾಂಡು, ಎರಡು ಬಾಟಲಿ, ಒಂದು ದೊಡ್ಡ ಡಬ್ಬಿ ಹಂದಿ ಉಪ್ಪಿನಕಾಯಿ. ನನ್ನದು 17. ಕಂಪನಿಯನ್ನು ಬೈಯಲು ಬಾಯಿ ತೆರೆದಿದ್ದವನು ಅರ್ಧಕ್ಕೇ ಮುಚ್ಚಿದೆ.

ಹೆಡ್ ಗೈಡ್ ಎಂದರೆ ಮೇಸ್ತ್ರಿ

ಹೆಡ್ ಗೈಡಿನ ಜೊತೆ ಮಾತಾಡಲು ನನ್ನನ್ನೇ ಕಳಿಸಿದರು. ಅವರು ಕೆಟ್ಟವರಲ್ಲ. ನನಗೆ ನಮ್ಮ ಮೇಸ್ತ್ರಿಯೇ ಎದುರು ನಿಂತ ಹಾಗಾಯಿತು. ತೋಟಕ್ಕೆ ಆಳು ಕರೆತರುವವರು ಮೇಸ್ತ್ರಿ. ಆಳಿನ ಎದುರು ಯಜಮಾನ, ಯಜಮಾನನ ಎದುರು ಆಳು. ಕೂಲಿ ಅವರ ಕೈ ದಾಟಿಯೇ ಹೋಗಬೇಕು. ಇಲ್ಲೂ ಅದೇ. ಕಂಪನಿ ಒಂದಿಷ್ಟು ಹಣ ಕೊಟ್ಟು 'ಇದರಲ್ಲಿ ಮುಗಿಸು' ಎಂದಿದೆ. ಮುಗಿಸದಿದ್ದರೆ ಮುಂದಿನ ತಂಡ ಬೇರೆಯವರಿಗೆ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ನೀವು ಎಷ್ಟು ಕೊಟ್ಟಿರಿ?' ಹೇಳಿದೆ. ಭುಜ ಕುಣಿಸಿ ಸುಮ್ಮನಾದರು.

ಪೋರ್ಟರ್‌ಗಳ ಕೂಲಿ ದಿನಕ್ಕೆ 10,000 ಶಿಲಿಂಗ್ ಎಂದು ಬಸ್ಸಿನಲ್ಲಿ ಮುಂದೆ ಕೂತಿದ್ದ ಪೋರ್ಟರ್, ಆ ಕಾಫಿ ತೋಟದವರ ಮಗ, ಆಮೇಲೆ ನಡೆಯುತ್ತಾ ಹೇಳಿದರು. ಕೊಡಬೇಕಿದ್ದ ಕೂಲಿಯ ಅರ್ಧ. ಅದೂ ತಿಂಗಳಾದ ಮೇಲೆ ಸಿಕ್ಕರೆ ಸಿಕ್ಕಿತು. ಹಾಗಿದ್ದರೂ ಯಾಕೆ ಬರುತ್ತೀರಿ ಎಂದು ಕೇಳಿದ್ದಕ್ಕೆ 'ಟಿಪ್ಸ್' ಎಂದರು. ಅಂದರೆ ಕೂಲಿ ಕೊಡುವವರು ಕಂಪನಿಯಲ್ಲ, ಕೊನೆಯ ದಿನ ನಮಗೆ ಮನಸ್ಸು ಬಂದರೆ ನಾವು. ನಾವು ಅದನ್ನು ಭಕ್ಷೀಸು ಎಂದುಕೊಂಡಿದ್ದೆವು.

ಹೊಸ ಪೋರ್ಟರ್ ಕರೆಸುವ ಮಾತು ಆಗಲಿಲ್ಲ. ಗೇಟಿನಿಂದ ಎರಡು ದಿನದ ದಾರಿ ಬಂದಿದ್ದೆವು. ಇದ್ದದ್ದರಲ್ಲೇ ಮಾಡಿದ್ದು ಇಷ್ಟು. ಪ್ರತಿಯೊಬ್ಬರೂ ನಮ್ಮ ಬ್ಯಾಗಿನಿಂದ ಮೂರ್ನಾಲ್ಕು ಕಿಲೋ ತೆಗೆದು ನಾವೇ ಹೊತ್ತೆವು. ಊಟ ಆದ ಕೂಡಲೇ ಟೆಂಟು ಖಾಲಿ. ಮುಖ ತೊಳೆಯಲು ಬೇಸಿನ್‌ನಲ್ಲಿ ಕೊಡುತ್ತಿದ್ದ ಬಿಸಿನೀರು ಬೇಡ ಎಂದೆವು. ಈ ಕೊನೆಯದು ಚಿಕ್ಕ ವಿಷಯ ಅನ್ನಿಸಬಹುದು. ಕೊನೆಯ ಕ್ಯಾಂಪಿನ ಹೆಸರು ಬಾರಾಫು, 4,600 ಮೀಟರ್ ಮೇಲೆ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಮಂಜುಗಡ್ಡೆ ಎಂದರ್ಥ, ಹಿಂದಿಯ ಬರಫ್ ನೆನಪಾಗುತ್ತದೆ. ಅಲ್ಲಿ ನೀರೇ ಇಲ್ಲ. ಕೆಳಗಿನ ಕರಂಗಾ ಕಣಿವೆಯಿಂದ ಪೋರ್ಟರ್‌ಗಳು ಹೊತ್ತು ತರಬೇಕು. ಮುಖ ತೊಳೆದು ಚೆಲ್ಲುವ ನೀರೂ ಹಾಗೇ ಬಂದದ್ದು.

ಕರಂಗಾದಲ್ಲಿ ಒಂದು ಬೆಳಿಗ್ಗೆ

ನಾಲ್ಕನೇ ರಾತ್ರಿ ಕರಂಗಾ ಕ್ಯಾಂಪಿನಲ್ಲಿ ಕಳೆದು ಬೆಳಗಾದಾಗ ಒಬ್ಬ ಹುಡುಗ ಮಲಗಿದಲ್ಲೇ ಇದ್ದ. ಇಪ್ಪತ್ತು ವರ್ಷ ಇರಬಹುದು. ಕ್ಯಾನ್ವಾಸ್ ಶೂ ಹಾಕಿದ್ದ ಇಬ್ಬರಲ್ಲಿ ಒಬ್ಬ. ತಲೆನೋವು, ವಾಂತಿ, ನಿಂತರೆ ತೂರಾಟ. ಎತ್ತರದ ಕಾಯಿಲೆ ಊರಿನವರು, ಹೊರಗಿನವರು ಎಂದು ನೋಡುವುದಿಲ್ಲ. ನಮಗಾದರೆ ದಿನಾ ಬೆಳಿಗ್ಗೆ ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಿದ್ದರು. ಪೋರ್ಟರ್‌ಗಳ ಬೆರಳಿಗೆ ಆ ಕ್ಲಿಪ್ ಹಾಕಿದ್ದನ್ನು ನಾನು ನೋಡಲಿಲ್ಲ. ನರ್ಸ್ ಹಾಕಿ ನೋಡಿದರು, ಮುಖ ಗಂಭೀರವಾಯಿತು.

ಹೆಡ್ ಗೈಡ್ ಹೇಳಿದ್ದು: ಕೆಳಗೆ ಹೋಗಲಿ. ಯಾರ ಜೊತೆ? ಒಬ್ಬನೇ. ದಾರಿ ಗೊತ್ತಿದೆಯಲ್ಲ.

ಇಲ್ಲಿ ನರ್ಸ್ ಒಬ್ಬರೇ ಹಟ ಹಿಡಿದರು. ನಾವು ಉಳಿದವರು, ನಿಜ ಹೇಳಬೇಕೆಂದರೆ, ಅಂದು ರಾತ್ರಿಯ ಶಿಖರದ ಯೋಚನೆಯಲ್ಲಿದ್ದೆವು. ತೂರಾಡುವವನು ದಾರಿಯಲ್ಲಿ ಕೂತು ನಿದ್ದೆ ಹೋದರೆ ಏಳುವುದಿಲ್ಲ ಎಂದು ಅವರು ಕನ್ನಡದಲ್ಲಿ ನಮಗೆ, ಇಂಗ್ಲಿಷಿನಲ್ಲಿ ಗೈಡಿಗೆ ಹೇಳಿದರು. ಇದು ಅವರ ಕಲ್ಪನೆಯೇನಲ್ಲ. ಹಿಮಾಲಯದಲ್ಲಿ ಕಾಯಿಲೆ ಬಿದ್ದ ನೇಪಾಳಿ ಪೋರ್ಟರ್ ಒಬ್ಬರನ್ನು ಹೀಗೇ ಒಂಟಿಯಾಗಿ ಕೆಳಗೆ ಕಳಿಸಿ, ಅವರು ಸತ್ತ ಮೇಲೆಯೇ 1997ರಲ್ಲಿ ಅಂತರರಾಷ್ಟ್ರೀಯ ಪೋರ್ಟರ್ ರಕ್ಷಣಾ ಗುಂಪು ಹುಟ್ಟಿದ್ದು. ಅವರ ನಿಯಮಗಳು ಬಹಳ ಇಲ್ಲ. ಚಳಿಗೆ ತಕ್ಕ ಬಟ್ಟೆ, ಮಲಗಲು ಜಾಗ, ಚಾರಣಿಗರಿಗೆ ಸಿಗುವಂಥದ್ದೇ ಚಿಕಿತ್ಸೆ, ಕಾಯಿಲೆಯಾದವರನ್ನು ಒಂಟಿಯಾಗಿ ಕಳಿಸಬಾರದು, ಮಿತಿ ಮೀರಿದ ಹೊರೆ ಹೊರಿಸಬಾರದು. ಹೊರೆಗೆ ಅವರು ಹೇಳುವ ಮಿತಿ ಕಿಲಿಮಂಜಾರೋದಲ್ಲಿ 20 ಕಿಲೋ, ನೇಪಾಳದಲ್ಲಿ 30.

ಜೊತೆಗೆ ಒಬ್ಬರನ್ನು ಕಳಿಸಿದರೆ 18 ಜನ 16 ಆಗುತ್ತಾರೆ. ಹೊರೆ ಮತ್ತೆ ಏರುತ್ತದೆ. ಗೈಡಿನ ವಾದ ಅದು, ಸುಳ್ಳೂ ಅಲ್ಲ. ಕೊನೆಗೆ ಕುರ್ಚಿ, ಟೇಬಲ್, ಕ್ಯಾಮೆರಾ ಸ್ಟ್ಯಾಂಡು, ಉಪ್ಪಿನಕಾಯಿ ಡಬ್ಬಿ, ಒಂದು ಟಾಯ್ಲೆಟ್ ಟೆಂಟು, ಎಲ್ಲವನ್ನೂ ಕೆಳಗೆ ಹೋಗುವ ಜೊತೆಗಾರರ ಚೀಲಕ್ಕೆ ಹಾಕಿದೆವು. ಇಳಿಜಾರು, ಆದರೂ 20 ಮೀರದಂತೆ ತೂಗಿದೆ. ಎರಡು ದಿನ ನೆಲದ ಮೇಲೆ ಕೂತು ಉಂಡೆವು. ಇಬ್ಬರಿಗೂ ಏಳೂ ದಿನದ ಕೂಲಿ ಕೊಡಬೇಕು ಎಂದು ಗೈಡಿನಿಂದ ಮಾತು ತೆಗೆದುಕೊಂಡೆವು. ಮಾತು ಕೊಟ್ಟರು. ಆ ಹುಡುಗ ಕೆಳಗೆ ತಲುಪಿ ಚೇತರಿಸಿಕೊಂಡ ಎಂದು ಏಳನೇ ದಿನ ಗೊತ್ತಾಯಿತು.

ಇಳಿಯುವ ದಾರಿ ಮುಗಿಯುವ ಮ್ವೆಕಾ ಗೇಟಿನಲ್ಲಿ ಕೊನೆಯ ದಿನ ಟಿಪ್ಸ್. ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಹೆಡ್ ಗೈಡಿನ ಕೈಗೆ ಕೊಡಿ ಎಂದು ಕಂಪನಿ ಮೊದಲೇ ಹೇಳಿತ್ತು. ನಾವು ಹಾಗೆ ಮಾಡಲಿಲ್ಲ. ಮೇಷ್ಟ್ರು ಹಾಜರಿ ಕರೆಯುವ ದನಿಯಲ್ಲಿ ಹೆಸರು ಓದಿದರು, ಮೊತ್ತವನ್ನೂ ಎಲ್ಲರಿಗೂ ಕೇಳುವಂತೆ ಹೇಳಿದರು, ಒಬ್ಬೊಬ್ಬರೂ ಬಂದು ತೆಗೆದುಕೊಂಡರು. ಹುಡುಗನ ಪಾಲನ್ನು ಕಾಫಿ ತೋಟದವರ ಮಗನ ಕೈಲಿ ಕೊಟ್ಟೆವು. ಹೆಡ್ ಗೈಡಿಗೆ ಇದು ಹಿಡಿಸಲಿಲ್ಲ. ನಮ್ಮನ್ನು ಬಸ್ಸು ಹತ್ತಿಸುವಾಗ ಕೈ ಕುಲುಕಲಿಲ್ಲ.

ಕಣದಲ್ಲಿ ಕೂತ ಎಂಟು ಜನ

ನವೆಂಬರ್ ಶುರುವಿನಲ್ಲಿ, ಕುಯ್ಲಿಗೆ ಮೊದಲು, ನಮ್ಮ ಮನೆಯ ಕಣದಲ್ಲಿ ಎಂಟೂ ಜನ ಸೇರಿದೆವು. ಫೋಟೋ ನೋಡುವ ನೆಪ. ಮೇಲೆ ಬರೆದ ಲೆಕ್ಕವನ್ನು ನಾನು ಅಂದೇ ಮುಂದಿಟ್ಟದ್ದು. 18 ಜನಕ್ಕೆ ಏಳು ದಿನ ದಿನಕ್ಕೆ 10,000 ಶಿಲಿಂಗ್ ಕಡಿಮೆ ಬಿದ್ದಿದೆ. ಒಟ್ಟು 12,60,000 ಶಿಲಿಂಗ್. ಆಗಿನ ದರದಲ್ಲಿ ಸುಮಾರು 38,000 ರೂಪಾಯಿ. ನಮ್ಮಲ್ಲಿ ಒಬ್ಬೊಬ್ಬರಿಗೆ 4,800 ರೂಪಾಯಿ ಹತ್ತಿರ. ಉಳಿಸಿದ್ದು ತಲೆಗೆ 42,000. ಕೊಡೋಣವೇ?

ಬ್ಯಾಂಕಿನವರು ಬೇಡ ಎಂದರು. ಅವರ ವಾದವನ್ನು ಸರಿಯಾಗಿ ಬರೆಯಬೇಕು, ಯಾಕೆಂದರೆ ಅದು ಜಿಪುಣತನದ ಮಾತಾಗಿರಲಿಲ್ಲ. 'ನಾವು ಕೇಳಿದ ಬೆಲೆ ಕೊಟ್ಟಿದ್ದೇವೆ. ಕೂಲಿ ಕೊಡಬೇಕಾದ್ದು ಕಂಪನಿ. ಬಾಕಿ ನಾವು ತುಂಬಿದರೆ ಕಂಪನಿಗೆ ಏನು ಪಾಠ? ಮುಂದಿನ ಸಲ 10,000 ಇದ್ದದ್ದು 8,000 ಆಗುತ್ತದೆ, ಗಿರಾಕಿಗಳು ಕೊಡುತ್ತಾರೆ ಬಿಡಿ ಎನ್ನುತ್ತಾರೆ. ನೀವು ಕೊಟ್ಟ ಟಿಪ್ಸೂ ಅದನ್ನೇ ಮಾಡಿದ್ದು.' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಮೇಷ್ಟ್ರು ಹೇಳಿದರು, 'ಅಣ್ಣ, ಅದು ಕಂಪನಿಯ ಮಾತಾಯಿತು. ಕಂಪನಿಗೆ ಪಾಠ ಕಲಿಸಲು ಆ ಹುಡುಗ ಯಾಕೆ ಉಪವಾಸ ಇರಬೇಕು?' ಅಣ್ಣತಮ್ಮಂದಿರಲ್ಲಿ ದೊಡ್ಡವರು ನಡುವೆ ಬಾಯಿ ಹಾಕಿ, ನಮ್ಮ ತೋಟದಲ್ಲಿ ಕುಯ್ಲಿನ ಸಂಜೆ ತೂಕ ಹಾಕುವಾಗ ಚೀಲದ ತೂಕ ಎಂದು ಒಂದು ಕಿಲೋ ಕಳೆಯುತ್ತೇವಲ್ಲ, ಚೀಲ ಒಂದು ಕಿಲೋ ಇದೆಯೇನು ಎಂದು ಕೇಳಿದರು. ಯಾರೂ ನಗಲಿಲ್ಲ. ಮೂವರು ಬೆಳೆಗಾರರು ನೆಲ ನೋಡಿದೆವು.

ನರ್ಸ್ ಹಣ ಕೊಡುವ ಪರ ಇದ್ದರೂ ಬೇರೆ ಪ್ರಶ್ನೆ ಎತ್ತಿದರು. ಹೋಗುವ ಮೊದಲೇ ಇದನ್ನೆಲ್ಲ ತಿಳಿಯಬಹುದಿತ್ತಲ್ಲ? ತಿಳಿಯಬಹುದಿತ್ತು. ಬೆಟ್ಟದ ಬುಡದ ಮೋಶಿ ಊರಿನಲ್ಲಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಲಾಭ ನೋಡದ ಸಂಸ್ಥೆ 2003ರಿಂದ ಇದೆ. ಪೋರ್ಟರ್‌ಗಳಿಗೆ ಬೆಚ್ಚನೆ ಬಟ್ಟೆ, ಶೂಗಳನ್ನು ಬಾಡಿಗೆಯಿಲ್ಲದೆ ಎರವಲು ಕೊಡುತ್ತದೆ. ಕೂಲಿ, ಊಟ, ಟೆಂಟು ಸರಿಯಾಗಿ ಕೊಡುವ ಕಂಪನಿಗಳು ಯಾವುವು ಎಂದು ಪೋರ್ಟರ್‌ಗಳನ್ನೇ ಕೇಳಿ ಪಟ್ಟಿ ಇಡುತ್ತದೆ. ಆ ಪಟ್ಟಿ ಯಾರು ಬೇಕಾದರೂ ನೋಡಬಹುದು. 1,850 ಹೇಳಿದ ಕಂಪನಿ ಅದರಲ್ಲಿತ್ತು. ನಮ್ಮದು ಇರಲಿಲ್ಲ. ನೋಡಲು ಐದು ನಿಮಿಷ ಸಾಕಿತ್ತು. ನಾನು ಚೌಕಾಸಿಗೆ ನಾಲ್ಕು ದಿನ ಖರ್ಚು ಮಾಡಿದ್ದೆ.

ಒಮ್ಮತ ಆಗಲಿಲ್ಲ. ಐದು ಜನ ಕೊಟ್ಟರು, ಮೂವರು ಕೊಡಲಿಲ್ಲ. ಒಟ್ಟು 24,000 ರೂಪಾಯಿ. ದಾರ್ ಎಸ್ ಸಲಾಮ್‌ನಲ್ಲಿ ಕೆಲಸ ಮಾಡುವ ನರ್ಸ್‌ರ ಸಂಬಂಧಿಕರೊಬ್ಬರು ಮೊಬೈಲ್ ಹಣದ ಮೂಲಕ ಹಂಚಿದರು. ಹೆಸರು ಓದಿದ ದಿನ ಮೇಷ್ಟ್ರು ಫೋನ್ ನಂಬರನ್ನೂ ಬರೆದುಕೊಂಡಿದ್ದರಿಂದ ಇದು ಸಾಧ್ಯವಾಯಿತು. 18ರಲ್ಲಿ 14 ನಂಬರಿಗೆ ಹೋಯಿತು. ನಾಲ್ಕು ಚಾಲ್ತಿಯಲ್ಲಿ ಇರಲಿಲ್ಲ. ಅದರಲ್ಲಿ ಕರಂಗಾದ ಹುಡುಗನದ್ದೂ ಒಂದು. ಅವನ ಪಾಲು ನನ್ನ ಹತ್ತಿರವೇ ಉಳಿದಿದೆ. ಏಳು ದಿನದ ಕೂಲಿ ಅವನಿಗೆ ಸಿಕ್ಕಿತೋ ಇಲ್ಲವೋ, ಗೈಡಿನ ಮಾತಿಗಿಂತ ಹೆಚ್ಚಿನ ಪುರಾವೆ ನಮ್ಮ ಬಳಿ ಇಲ್ಲ.

ಎರಡನೇ ತಂಡ

ಕೊರೊನಾ ಕಳೆದು 2022ರಲ್ಲಿ ನಮ್ಮೂರ ಕಡೆಯಿಂದ ಇನ್ನೊಂದು ತಂಡ ಹೊರಟಿತು. ಆರು ಜನ. ಬ್ಯಾಂಕಿನವರೂ ಇದ್ದರು, ಮೊದಲ ಸಲ ತುದಿ ಮುಟ್ಟಿರಲಿಲ್ಲ. ಕಂಪನಿ ಹುಡುಕುವ ಕೆಲಸ ಅವರೇ ವಹಿಸಿಕೊಂಡರು. ಹಣ ಕಳಿಸಲು ಒಪ್ಪದಿದ್ದವರು ಬೆಲೆ ಇಳಿಸಲೂ ಒಪ್ಪಲಿಲ್ಲ. ಪಟ್ಟಿಯಲ್ಲಿದ್ದ ಕಂಪನಿಗೆ ಬರೆದು, ಪೋರ್ಟರ್‌ಗೆ ದಿನಕ್ಕೆ ಎಷ್ಟು, ಯಾವ ದಿನ ಕೈಗೆ ಸೇರುತ್ತದೆ, ಮಲಗಲು ಬೇರೆ ಟೆಂಟು ಇದೆಯೇ, ಕಾಯಿಲೆ ಬಿದ್ದರೆ ಜೊತೆಗೆ ಯಾರು ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆದರು. ದಾರಿಯಲ್ಲಿ ಮೂರು ಸಲ ತಲೆ ಎಣಿಸಿದರಂತೆ. ಸರಿಯಾಗಿಯೇ ಇತ್ತು.

ಅವರ ಅಭ್ಯಾಸಕ್ಕೆ ತಡಿಯಂಡಮೋಳ್‌ಗೆ ನಾನೂ ಹೋದೆ. ಅದೇ ಅಡುಗೆ, ಅದೇ ಕುರ್ಚಿ, ಲೈನ್‌ಮನೆಯಿಂದ ಅದೇ ಇಬ್ಬರು. ಅವರಲ್ಲಿ ದೊಡ್ಡವರಿಗೆ ನನಗಿಂತ ಎರಡು ವರ್ಷ ಜಾಸ್ತಿ. ಆದರೂ ಹುಟ್ಟಿದಾಗಿನಿಂದ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸಿದ್ದು. ಕಿಲಿಮಂಜಾರೋದಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕ ಗೈಡನ್ನು ಸರ್ ಎನ್ನುತ್ತಿದ್ದೆ. ಈಗ ಬಹುವಚನ ಹಚ್ಚಿದರೆ ಅವರಿಗೇ ಮುಜುಗರ. ಬರೆಯುವಾಗಲಾದರೂ ಇರಲಿ.

ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಹೊರೆ ಕಟ್ಟಿದ್ದರು. ನಾನು ಕೊಕ್ಕೆ ತಕ್ಕಡಿ ತಂದೆ. ಮೊದಲ ಹೊರೆ 31 ಕಿಲೋ. ಎರಡನೆಯದು 28. ನೇಪಾಳದ ಮಿತಿಯನ್ನೂ ದಾಟಿದ್ದೆವು, ಅದೂ ಊಟಕ್ಕೆ.

ದೊಡ್ಡವರು ತಕ್ಕಡಿಯನ್ನು ನೋಡಿದರು. ನನ್ನ ಮುಖ ನೋಡಿದರು. ನಲವತ್ತು ವರ್ಷ ಪ್ರತಿ ಕುಯ್ಲಿನ ಸಂಜೆ ತಕ್ಕಡಿ ನೋಡಿದವರು.

'ತೂಕ ಹಾಕಿ ಕೂಲಿ ಕಡಿಮೆ ಮಾಡ್ತೀರಾ, ಸಾವ್ಕಾರ್ರೇ?'

ಇಲ್ಲ, ಹೊರೆ ಕಡಿಮೆ ಮಾಡಲು ಎಂದೆ. 20 ಕಿಲೋ ಸಾಕು, ಕೂಲಿ ಅಷ್ಟೇ, ಇನ್ನೊಬ್ಬರನ್ನು ಕರೆಯೋಣ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತು ನಿಂತು, ಬಗ್ಗಿ ಹಗ್ಗ ಬಿಚ್ಚಿದರು. ಮಡಚಿದ ಕುರ್ಚಿ ಎರಡನ್ನೂ ಹೊರಗೆ ಎಳೆದು ನನ್ನ ಮನೆಯ ಗೋಡೆಗೆ ಒರಗಿಸಿದರು. ಹೊರೆಯನ್ನು ತಾವೇ ಮತ್ತೆ ಕೊಕ್ಕೆಗೆ ಸಿಕ್ಕಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. 24. ಪಂದಿಕರಿ ಪಾತ್ರೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.